ದೊಡ್ಡೋನನ್ನು ಹಿಂದೂಪುರಕ್ಕೆ ಸಾಗಿಸಿದ್ದು

ಬೆಟ್ಟಕ್ಕೆ ಬೆಂಕಿ ಬಿದ್ದಿದೆ ಎಂದು ಶಿರೀಷಾಗೆ ಗೊತ್ತಾದಾಗ ಅವಳು ಇಡ್ಲಿ ತಟ್ಟೆಗೆ ಹಿಟ್ಟು ಹುಯ್ಯುತ್ತಿದ್ದಳು. ಕಲ್ಯಾಣದುರ್ಗದವರಿಗೆ ಇದೇನೂ ಹೊಸ ಸುದ್ದಿಯಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಗುಡ್ಡದ ಒಣಹುಲ್ಲು ಎಲ್ಲಾದರೂ ಒಂದು ಕಡೆ ಹತ್ತಿಕೊಳ್ಳುತ್ತದೆ. ಯಾರು ಹಚ್ಚಿದರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸಂಜೆಯ ಹೊತ್ತಿಗೆ ಗುಡ್ಡದ ಮೈಮೇಲೆ ಒಂದು ಕರಿಯ ಪಟ್ಟಿ ಉಳಿಯುತ್ತದೆ, ಮಳೆ ಬಿದ್ದ ಮೇಲೆ ಮೊದಲು ಹಸಿರಾಗುವುದೂ ಅದೇ ಪಟ್ಟಿ. ಹಾಗಾಗಿ ಅವಳು ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿ, ಒಲೆ ಸಣ್ಣ ಮಾಡಿ, ಮಗಳು ಹರ್ಷಿತಾಗೆ ಜಡೆ ಹಾಕಲು ಕೂತಳು. ಎರಡನೆಯ ಜಡೆಗೆ ಬರುವಷ್ಟರಲ್ಲಿ ಅಡುಗೆಮನೆಯೆಲ್ಲ ಬೆಳ್ಳಗಾಗಿತ್ತು. ಇಡ್ಲಿಯ ಹಬೆಯೋ ಬೆಟ್ಟದ ಹೊಗೆಯೋ ತಿಳಿಯದೆ ಅವಳು ಓಡಿಹೋಗಿ ಒಲೆಯನ್ನೇ ಆರಿಸಿದಳು. ಬಿಳುಪು ಕಡಿಮೆಯಾಗಲಿಲ್ಲ.

ಅವರ ಮನೆ ಊರಿನ ಕೊನೆಯ ಸಾಲಿನಲ್ಲಿ, ಗುಡ್ಡದ ಬುಡದಲ್ಲಿತ್ತು. ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಶೆಡ್ಡು, ಅದಕ್ಕೆ ತೆಂಗಿನ ಗರಿಯ ಚಾವಣಿ. ಅದರಾಚೆ ಎರಡೆಕರೆ ಹಿಪ್ಪುನೇರಳೆ. ಅದರಾಚೆ ಗುಡ್ಡವೇ. ಹೋದ ಬೆಳೆಯ ಗೂಡು ಹಿಂದೂಪುರದ ಮಾರ್ಕೆಟ್ಟಿಗೆ ಹೋಗಿ ಹತ್ತು ದಿನವಾಗಿತ್ತು, ಶೆಡ್ಡು ಖಾಲಿಯಿತ್ತು. ಹುಳು ಇದ್ದಿದ್ದರೆ ಈ ಹೊಗೆಗೆ ಒಂದೂ ಉಳಿಯುತ್ತಿರಲಿಲ್ಲ ಎಂದುಕೊಳ್ಳುತ್ತ ಶಿರೀಷಾಳ ಗಂಡ ಹರಿಕೃಷ್ಣ ಪೈಪು ಹಿಡಿದು ಚಾವಣಿಗೆ ನೀರು ಹೊಡೆಯಲು ಓಡಿದ. ಅವನು ವಾಲ್ವು ತಿರುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಲೈನಿನವರು ಗುಡ್ಡದ ಕಡೆಯ ತಂತಿಗಳನ್ನೆಲ್ಲ ಆಫ್ ಮಾಡಿದ್ದರು. ಸ್ವಲ್ಪ ಹೊತ್ತಿಗೆ ವಾರ್ಡಿನ ಸರ್ಕಾರಿ ಕಚೇರಿಯಾದ ಸಚಿವಾಲಯದ ಆಟೋ ಬಂದು ತೆಲುಗಿನಲ್ಲಿ ಮೈಕು ಹಾಕಿ ಕೂಗತೊಡಗಿತು. ಗುಡ್ಡದ ಕೆಳಗಿನವರು ಗ್ಯಾಸ್ ಸಿಲಿಂಡರ್ ಹೊರಗಿಡಬೇಕಂತೆ, ಹೆಂಗಸರು ಮಕ್ಕಳು ಕಲ್ಯಾಣ ಮಂಟಪಕ್ಕೆ ಹೋಗಬೇಕಂತೆ. ಅದರ ಹಿಂದೆಯೇ ಇನ್ನೊಬ್ಬರು ಬೈಕಿನಲ್ಲಿ ಬಂದು ಯಾರೂ ಗಾಬರಿ ಬೀಳಬೇಡಿ, ಬೆಂಕಿ ಈ ಕಡೆ ಬರುವುದಿಲ್ಲ ಎಂದು ಹೇಳಿಹೋದರು. ಯಾರ ಮಾತು ಕೇಳಬೇಕೋ ತಿಳಿಯದೆ ಶಿರೀಷಾ ಸಿಲಿಂಡರನ್ನು ಅರ್ಧ ದಾರಿಗೆ ಉರುಳಿಸಿ ನಡುಮನೆಯಲ್ಲೇ ನಿಂತಳು.

ಆಗ ಅವಳಿಗೆ ಮನೆಯೊಳಗಿನ ನಿಶ್ಶಬ್ದ ಕೇಳಿಸಿತು. ಆ ಮನೆಯಲ್ಲಿ ಹಗಲೂ ರಾತ್ರಿ ಗುಳುಗುಳು ಎನ್ನುವ ಸದ್ದೊಂದಿತ್ತು. ಅದು ನಿಂತಾಗಲೇ ಅದಿತ್ತೆಂದು ಗೊತ್ತಾಗುವುದು. ನಡುಮನೆಯ ಗೋಡೆಗಿದ್ದ ಆರಡಿ ಉದ್ದದ ಗಾಜಿನ ತೊಟ್ಟಿಗೆ ಗಾಳಿ ಊದುವ ಯಂತ್ರದ ಸದ್ದು ಅದು.

ತೊಟ್ಟಿಯಲ್ಲಿ ಒಂದೇ ಒಂದು ಮೀನಿತ್ತು. ಎರಡೂವರೆ ಅಡಿ ಉದ್ದದ ಅರೋವಾನಾ, ಕತ್ತಿಯಂತೆ ಚಪ್ಪಟೆ, ಮೈತುಂಬ ಬೆಳ್ಳಿಯ ಬಿಲ್ಲೆಗಳಂಥ ಚಿಪ್ಪು, ಗದ್ದದಿಂದ ಮುಂದಕ್ಕೆ ಚಾಚಿದ ಎರಡು ಮೀಸೆ. ತೊಟ್ಟಿಯ ಕೊನೆ ಮುಟ್ಟಿ ತಿರುಗುವಾಗ ಇಕ್ಕಟ್ಟಾದ ಓಣಿಯಲ್ಲಿ ದೊಡ್ಡ ಮನುಷ್ಯರು ತಿರುಗಿದಂತೆ ನಿಧಾನವಾಗಿ ಮೈ ಬಳುಕಿಸಿ ತಿರುಗುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ದೊಡ್ಡೋನು ಎನ್ನುತ್ತಿದ್ದರು. ಮೊದಲು ಎರಡಿದ್ದವು, ದೊಡ್ಡೋನು ಮತ್ತು ಚಿಕ್ಕೋನು. ಎರಡನ್ನೂ ಕೊಟ್ಟವನು ಹಿಂದೂಪುರದಲ್ಲಿ ಬಣ್ಣದ ಮೀನುಗಳ ಅಂಗಡಿ ಇಟ್ಟಿರುವ ಶಿರೀಷಾಳ ತಮ್ಮ ಮುರಳೀಕೃಷ್ಣ.

ಚಿಕ್ಕೋನು ಹೋಗಿ ಎರಡು ವರ್ಷವಾಗಿತ್ತು. ಆ ವರ್ಷ ಹರ್ಷಿತಾಗೆ ಡೆಂಗ್ಯೂ ಬಂದು ಅನಂತಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದಳು. ಒಂಬತ್ತನೆಯ ಬೆಳಿಗ್ಗೆ ಡಾಕ್ಟರು ರಕ್ತದ ಚೀಟಿ ನೋಡಿ ಇನ್ನು ಪರವಾಗಿಲ್ಲ ಎಂದರು. ಅದೇ ಬೆಳಿಗ್ಗೆ ಮನೆಯಲ್ಲಿ ಚಿಕ್ಕೋನು ತೊಟ್ಟಿಯಿಂದ ಹಾರಿ ನೆಲದ ಮೇಲೆ ಬಿದ್ದು ಸತ್ತಿತ್ತು. ಮಗುವಿನ ಮೇಲೆ ಬಂದದ್ದನ್ನು ಮೀನು ತನ್ನ ಮೇಲೆ ತೆಗೆದುಕೊಂಡಿತು ಎಂದರು ಶಿರೀಷಾಳ ಅತ್ತೆ ನಾರಮ್ಮ. ಈ ಜಾತಿಯ ಮೀನು ಮನೆಯ ಕಂಟಕವನ್ನು ಹೊತ್ತುಕೊಂಡು ಹೋಗುತ್ತದೆ ಎಂದು ಮುರಳಿಯ ಅಂಗಡಿಗೆ ಬರುವವರೂ ಹೇಳುತ್ತಿದ್ದರು, ಅದಕ್ಕೇ ಕೊಳ್ಳುತ್ತಿದ್ದರು. ಶಿರೀಷಾಗೆ ಅದರಲ್ಲಿ ನಂಬಿಕೆ ಇತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಅವಳು ಚಿಕ್ಕೋನನ್ನು ಹೂತ ಜಾಗದಲ್ಲಿ ನಿಂತು ಕೈ ಮುಗಿದಿದ್ದಂತೂ ನಿಜ.

ಈಗ ಗಾಳಿಯ ಯಂತ್ರ ನಿಂತಿತ್ತು. ಅವಳು ಮುರಳಿಗೆ ಫೋನು ಮಾಡಿದಳು. ಅಷ್ಟು ದೊಡ್ಡ ಮೀನು, ಅಷ್ಟು ಬೆಚ್ಚಗಿನ ನೀರು, ಅದಕ್ಕೆ ಬೇಕಾದ ಗಾಳಿಯೂ ಜಾಸ್ತಿ, ಸಂಜೆಯವರೆಗೆ ತಡೆಯುವುದಿಲ್ಲ ಎಂದ ಅವನು. ಮೇಲಾಗಿ ಮನೆಯೊಳಗೆ ಹೊಗೆ ತುಂಬಿದ್ದರೆ ಸೆಲ್ಲಿನ ಯಂತ್ರ ಹಚ್ಚಿದರೂ ಅದು ಹೊಗೆಯನ್ನೇ ನೀರಿಗೆ ಊದುತ್ತದೆ. ತನ್ನ ಅಂಗಡಿಯ ಹಿಂದೆ ಸಿಮೆಂಟಿನ ದೊಡ್ಡ ತೊಟ್ಟಿ ಖಾಲಿ ಇದೆ, ಹೇಗಾದರೂ ಮಾಡಿ ತಂದುಬಿಡು ಎಂದ. ಹೇಗೆ ತರಬೇಕೆಂದೂ ಹೇಳಿದ. ತೊಟ್ಟಿಯ ನೀರನ್ನೇ ತುಂಬಬೇಕು, ಹೊಸ ನೀರು ಬೇಡ. ಮೇಲೆ ಭಾರವಾಗಿ ಮುಚ್ಚಬೇಕು, ಇಲ್ಲದಿದ್ದರೆ ಹಾರುತ್ತದೆ. ದಾರಿಯುದ್ದಕ್ಕೂ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಹುಯ್ಯುತ್ತಿರಬೇಕು.

"ಬಲೆ ಹಾಕ್ಬೇಡ ಅಕ್ಕ, ಚಿಪ್ಪು ಕಿತ್ಕೊಂಡು ಬತ್ತವೆ. ಮೆತ್ತನ್ನ ಬಟ್ಟೇಲಿ ಎತ್ತು, ಮಗೂನ ಜೋಲೀಲಿ ಎತ್ತಿದಂಗೆ" ಎಂದ.

ನಾರಮ್ಮ ಎದುರಿಗೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರ ಒಂದು ಕೈಯಲ್ಲಿ ಹರ್ಷಿತಾಳ ಶಾಲೆಯ ಚೀಲ, ಇನ್ನೊಂದರಲ್ಲಿ ದೇವರ ಪೆಟ್ಟಿಗೆ.

"ಎಲ್ಲಿಗಮ್ಮ ಕರ್ಕೊಂಡ್ ಹೋಯ್ತೀಯ ಅದನ್ನ?" ಎಂದರು. "ಇಂತಾ ಹೊತ್ಗೇ ಅಲ್ವಾ ಅದು ಮನೇಲಿರೋದು?"

"ಕರೆಂಟಿಲ್ಲ ಅತ್ತಮ್ಮ. ಸಂಜೆ ತಂಕ ಉಳಿಯಲ್ಲ ಅದು."

"ಉಳೀಲಿಲ್ಲ ಅಂದ್ರೆ ನಮ್ ಬದ್ಲು ಹೋಯ್ತು ಅಂತ. ನಿನ್ ಮಗಳ್ದು ಒಂದು ಹೊತ್ಕೊಂಡು ಹೋಗ್ಲಿಲ್ವಾ? ಅವತ್ತು ಕೈ ಮುಗ್ದೋಳು ನೀನೇ ಅಲ್ವಾ?"

ಎರಡು ಉತ್ತರ ಒಟ್ಟಿಗೇ ಶಿರೀಷಾಳ ಬಾಯಿಗೆ ಬಂದವು. ಮೀನು ಯಾರದನ್ನೂ ಹೊತ್ತುಕೊಂಡು ಹೋಗುವುದಿಲ್ಲ, ಹಾರಿ ಬಿದ್ದಿತು, ಸತ್ತಿತು ಎನ್ನುವುದು ಒಂದು. ನನ್ನ ಮಗಳ ಬದಲು ಒಂದು ಹೋಗಿದ್ದರೆ, ಅದರ ಜೊತೆಯದನ್ನು ಶೆಡ್ಡಿನ ಗರಿ ಉಳಿಸಲು ಹೇಗೆ ಬಿಟ್ಟುಹೋಗಲಿ ಎನ್ನುವುದು ಇನ್ನೊಂದು. ಎರಡನ್ನೂ ಒಬ್ಬಳೇ ಹೇಳಲು ಬರುವುದಿಲ್ಲ. ಅವಳು ಕೊಡ ಹೊತ್ತು ಓಡಾಡುತ್ತಿದ್ದ ಗಂಡನನ್ನು ಹುಡುಕಿಕೊಂಡು ಹಿತ್ತಲಿಗೆ ಹೋದಳು. ಅಕ್ಕಪಕ್ಕದ ನಾಲ್ಕು ಜನ ಗಂಡಸರು ಶೆಡ್ಡಿನ ಚಾವಣಿಗೆ ನೀರು ಎರಚುತ್ತಿದ್ದರು. ಸೆಟ್ಟೂರಿನ ಕಡೆಯಿಂದ ಬೀಸುತ್ತಿದ್ದ ಗಾಳಿ ಬೂದಿಯನ್ನು ಹಿಪ್ಪುನೇರಳೆಯ ಎಲೆಗಳ ಮೇಲೆ ಸುರಿಯುತ್ತಿತ್ತು.

ಹರಿಕೃಷ್ಣ ಅವಳ ಮಾತನ್ನು ಪೂರ್ತಿ ಕೇಳಲಿಲ್ಲ. "ಎತ್ಕೊಂಡಾದ್ರೂ ಹೋಗು, ಇಲ್ಲೇ ಆದ್ರೂ ಬುಡು, ಬಿರ್ರನೆ ಒಂದು ಮಾಡು. ನನ್ ಮಾತ್ರ ಕೇಳ್ಬೇಡ" ಎಂದು ಕೊಡ ಹೊತ್ತು ನಡೆದ. ಎರಡು ಹೆಜ್ಜೆ ಹೋದವನು ತಿರುಗಿ, ಓಬುಳೇಶನ ಗಾಡಿ ಖಾಲಿ ಇರಬೇಕು, ಫೋನು ಮಾಡು ಎಂದ.

ಓಬುಳೇಶ ಅವರ ಗೂಡನ್ನು ಪ್ರತಿ ಬೆಳೆಗೂ ಹಿಂದೂಪುರಕ್ಕೆ ಒಯ್ಯುವವನು. ಅವನದು ಟಾಟಾ ಏಸ್. ಹದಿನೈದು ನಿಮಿಷಕ್ಕೆ ಬಂದವನು ಗಾಜಿನ ತೊಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ. "ಗೂಡು ಸಾಗಿಸ್ದೆ, ಟಮಾಟ ಸಾಗಿಸ್ದೆ, ಹೆಣ್ಣಿನ ಕಡೆಯೋರ್ನೂ ಸಾಗಿಸ್ದೆ. ಮೀನಿನ ದಿಬ್ಬಣ ಇದೇ ಮೊದ್ಲು ಕಣಕ್ಕ" ಎಂದ.

ದನಗಳಿಗೆ ನೀರು ಕುಡಿಸಲು ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ್ದ ತೊಟ್ಟಿ ಮನೆಯಲ್ಲಿತ್ತು. ಅದನ್ನು ಗಾಡಿಯ ಮೇಲಿಟ್ಟು ಬಿಂದಿಗೆಯಲ್ಲಿ ಮೀನಿನ ನೀರನ್ನೇ ಹೊತ್ತು ತುಂಬಿದರು. ಶಿರೀಷಾ ತನ್ನ ಹಳೆಯ ನೂಲಿನ ಸೀರೆಯನ್ನು ಒದ್ದೆ ಮಾಡಿ, ಮಡಿಸಿ, ಮೊಣಕೈವರೆಗೆ ಕೈ ಇಳಿಸಿ ದೊಡ್ಡೋನ ಹೊಟ್ಟೆಯ ಕೆಳಗೆ ಹಾಯಿಸಿದಳು. ಅದು ಒಂದು ಸಲ ಬಾಲ ಬಡಿಯಿತು, ನೀರು ಅವಳ ಮುಖಕ್ಕೆಲ್ಲ ಹಾರಿತು. ಆಮೇಲೆ ಯಾಕೋ ಸುಮ್ಮನಾಯಿತು. ಅವಳು ಒಂದು ತುದಿ, ಓಬುಳೇಶ ಒಂದು ತುದಿ ಹಿಡಿದು ಬಾಗಿಲು ದಾಟುವಾಗ ಆ ಭಾರ ಅವಳ ತೋಳಿಗೆ ಮೊದಲೇ ಗೊತ್ತಿದ್ದ ಭಾರದಂತಿತ್ತು, ನಿದ್ದೆಹೋದ ಮಗುವಿನದು.

ಗಾಡಿ ಹೊರಡುವ ಹೊತ್ತಿಗೆ ನಾರಮ್ಮ ಶೆಡ್ಡಿನ ಕಡೆಯಿಂದ ಒದ್ದೆ ಗೋಣಿಚೀಲಗಳ ಹೊರೆ ಹೊತ್ತು ತಂದರು. ಹುಳುವಿನ ಮನೆಗೆ ಬಿಸಿಗಾಳಿ ತಾಕದಂತೆ ಬೇಸಿಗೆಯಲ್ಲಿ ಒದ್ದೆ ಗೋಣಿ ಇಳಿಬಿಡುವುದು ಅವರು ಮದುವೆಯಾಗಿ ಬಂದಾಗಿನಿಂದ ಮಾಡುತ್ತ ಬಂದ ಕೆಲಸ. ಅವರೇ ಗಾಡಿ ಹತ್ತಿ, ಅಡ್ಡಲಾಗಿ ಇಟ್ಟ ಕೋಲುಗಳ ಮೇಲೆ ಒಂದರ ಮೇಲೊಂದು ನಾಲ್ಕು ಗೋಣಿ ಹೊದಿಸಿ, ಬದಿಗಳನ್ನು ಸಿಕ್ಕಿಸಿ, ಹೊಗೆ ತೂರದಂತೆ ಒತ್ತಿದರು. ಹರ್ಷಿತಾಳ ಕೈ ಹಿಡಿದು ಕಲ್ಯಾಣ ಮಂಟಪದ ದಾರಿ ಹಿಡಿದರು. ಶಿರೀಷಾಗೆ ಕಣ್ಣು ಉರಿಯುತ್ತಿತ್ತು, ಹೊಗೆಗೋ ಬೇರೆ ಯಾವುದಕ್ಕೋ.

ಅವಳು ಹಿಂದೆ, ತೊಟ್ಟಿಯ ಪಕ್ಕದಲ್ಲೇ ಕೂತಳು. ಊರು ದಾಟುವವರೆಗೆ ಗಾಳಿಯೆಲ್ಲ ಸುಟ್ಟ ಹುಲ್ಲಿನ ವಾಸನೆ, ಮೂಗು ಗಂಟಲು ಕಟ್ಟಿಹೋಗಿ ಏನೂ ಗೊತ್ತಾಗುತ್ತಿರಲಿಲ್ಲ. ಗೋಣಿಯ ಒಂದು ಮೂಲೆ ಎತ್ತಿ ಚೊಂಬಿನಲ್ಲಿ ನೀರು ಮೊಗೆದು ಮೇಲಿಂದ ಹುಯ್ಯುವುದು, ಮತ್ತೆ ಮುಚ್ಚುವುದು, ಮತ್ತೆ ಮೊಗೆಯುವುದು. ಗಾಡಿ ಕುಲುಕಿದಾಗ ಗೋಣಿಯಿಂದ ಹನಿಗಳು ತೊಟ್ಟಿಗೆ ತೊಟಕ್ ತೊಟಕ್ ಎಂದು ಬೀಳುತ್ತಿದ್ದವು. ಅರ್ಧ ಗಂಟೆ ಕಳೆದಿರಬಹುದು. ಒಂದು ಸಲ ಮೂಲೆ ಎತ್ತಿದಾಗ ದೊಡ್ಡೋನು ನೀರಿನ ಮೇಲೆಯೇ ಬಾಯಿ ಚಾಚಿತ್ತು. ಬಾಯಿ ತೆರೆಯುವುದು, ಮುಚ್ಚುವುದು, ತೆರೆಯುವುದು. ಕಿವಿರಿನ ಮುಚ್ಚಳ ಎದ್ದೆದ್ದು ಬೀಳುತ್ತಿತ್ತು. ಮೈ ಒಂದು ಕಡೆಗೆ ವಾಲಿ ಬಿಳಿಯ ಹೊಟ್ಟೆಯ ಅಂಚು ಕಾಣುತ್ತಿತ್ತು.

ಗಾಳಿ ಸಾಲದು ಎಂದುಕೊಂಡು ಅವಳು ಬೇಗ ಬೇಗ ನೀರು ಮೊಗೆದು ಹುಯ್ದಳು. ಅದು ಇನ್ನಷ್ಟು ವಾಲಿತು. ಕಿಟಕಿ ಬಡಿದು ಗಾಡಿ ನಿಲ್ಲಿಸಲು ಹೇಳಿದಳು. ಮುರಳಿಗೆ ಫೋನು ಹಚ್ಚಿದರೆ ಲೈನು ಸಿಗಲಿಲ್ಲ. ಅಷ್ಟರಲ್ಲಿ ಹರಿಕೃಷ್ಣನದೇ ಬಂತು. ಅವನ ದನಿ ಹಗುರಾಗಿತ್ತು. ಗಾಳಿ ತಿರುಗಿದೆಯಂತೆ, ಬೆಂಕಿ ಗುಡ್ಡದ ಆ ಮಗ್ಗುಲಿಗೆ ಇಳಿಯುತ್ತಿದೆಯಂತೆ, ಫೈರ್ ಇಂಜಿನ್ನೂ ಬಂದಿದೆಯಂತೆ. ಅವನು ಅಮ್ಮನಿಗೆ ಹೇಳಲು ಕಲ್ಯಾಣ ಮಂಟಪಕ್ಕೆ ಬಂದಿದ್ದ. ನಾರಮ್ಮ ಅವನ ಕೈಯಿಂದ ಫೋನು ತೆಗೆದುಕೊಂಡರು.

"ದೊಡ್ಡೋನು ಹೆಂಗವ್ನೆ?"

"ಬಾಯ್ ಬಾಯ್ ಬುಡ್ತಾ ಅವ್ನೆ ಅತ್ತಮ್ಮ. ವಾಲ್ಕೊಂಡ್ಬುಟ್ಟವ್ನೆ."

ಆ ಕಡೆ ಜನರ ಗದ್ದಲ ಹಿಂದಾಯಿತು, ನಾರಮ್ಮ ಪಕ್ಕಕ್ಕೆ ಸರಿದಿರಬೇಕು.

"ಎಷ್ಟೊತ್ತಿಂದ?"

"ಈಗ. ಈಗಿನ್ನೂ ನೋಡ್ದೆ."

"ನೋಡ್ದಾ ಮತ್ತೆ" ಎಂದರು ನಾರಮ್ಮ. ದನಿ ತಗ್ಗಿತ್ತು, ಗೆದ್ದ ದನಿಯಲ್ಲ. "ಇಲ್ಲಿ ಬೆಂಕಿ ತಿರುಗ್ತು, ಅಲ್ಲಿ ಅವ್ನು ವಾಲ್ಕೊಂಡ. ಅದ್ರ ಕೆಲ್ಸ ಅದು ಮಾಡ್ತಾ ಐತೆ ಕಣಮ್ಮ. ಕೈ ಹಾಕ್ಬೇಡ. ಪಕ್ಕದಾಗೆ ಕೂತ್ಕೋ, ಸಾಕು."

ಫೋನು ಕೆಳಗಿಟ್ಟಾಗ ಶಿರೀಷಾಳ ತಲೆಯೊಳಗೂ ಹೊಗೆ ಹೊಕ್ಕಂತಿತ್ತು. ಮನೆ ಉಳಿಯುತ್ತಿದೆ, ಮೀನು ಸಾಯುತ್ತಿದೆ. ಇದರಲ್ಲಿ ತಾನು ಅಳಬೇಕೋ ನಿಟ್ಟುಸಿರು ಬಿಡಬೇಕೋ? ಪಕ್ಕದಲ್ಲಿ ಕೂತುಕೋ ಎಂದಿದ್ದಾರೆ, ಕೂತಳು. ದೊಡ್ಡೋನ ಕಣ್ಣಿಗೆ ರೆಪ್ಪೆಯಿಲ್ಲ, ಹಾಗಾಗಿ ಅದು ಅವಳನ್ನು ನೋಡುತ್ತಿದೆಯೋ ಇಲ್ಲವೋ ಗೊತ್ತಾಗುವಂತಿರಲಿಲ್ಲ. ಹೊರಗೆ ಬಯಲುಗಾಳಿ ಬೀಸುತ್ತಿತ್ತು, ಅದರಲ್ಲಿ ಹೊಗೆಯಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಮೂಗು ಬಿಟ್ಟುಕೊಂಡಿತು. ಬಿಟ್ಟುಕೊಂಡ ಮೂಗಿಗೆ ಮೊದಲು ಬಡಿದದ್ದು ಒಂದು ಖಾರವಾದ, ಚೆನ್ನಾಗಿ ಗೊತ್ತಿದ್ದ ವಾಸನೆ.

ಬ್ಲೀಚಿಂಗ್ ಪುಡಿ.

ಅವಳು ಗೋಣಿಯನ್ನು ಮೂಗಿಗೆ ಹಿಡಿದಳು. ಅದೇ. ಹುಳುವಿನ ಮನೆಯವರಿಗೆ ಅದು ಉಪ್ಪು ಖಾರದಷ್ಟೇ ದಿನಬಳಕೆಯ ವಸ್ತು. ಬೆಳೆ ಮುಗಿದರೆ ಶೆಡ್ಡು, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಗೋಣಿ ಎಲ್ಲಕ್ಕೂ ಪುಡಿಯ ನೀರು. ಒಳಗೆ ಕಾಲಿಡುವ ಮೊದಲು ಕಾಲಿಗೂ ಅದೇ. ಒಂದು ಜೀವಕ್ಕೆ ತಾಕುವ ಯಾವುದನ್ನೂ ಪುಡಿಯ ನೀರಿನಲ್ಲಿ ಅದ್ದದೆ ತಾಕಿಸಬಾರದು ಎಂದು ಶಿರೀಷಾಗೆ ಹೇಳಿಕೊಟ್ಟವರೇ ನಾರಮ್ಮ. ಹುಳುವಿಗೆ ಅದು ರೋಗ ಬರದಂತೆ ಕಾಯುತ್ತದೆ. ಮೀನಿಗೆ ಅದು ವಿಷ. ನಲ್ಲಿಯ ನೀರನ್ನು ನೇರವಾಗಿ ತೊಟ್ಟಿಗೆ ಹಾಕಬೇಡ, ಅದರಲ್ಲಿ ಇದೇ ಇರುತ್ತದೆ, ಕಿವಿರು ಸುಟ್ಟುಹೋಗುತ್ತದೆ ಎಂದು ಮುರಳಿ ನೂರು ಸಲ ಹೇಳಿದ್ದ. ಆ ಮಾತನ್ನು ಅವನು ಹೇಳಿದ್ದು ಅವಳಿಗೆ, ನಾರಮ್ಮನಿಗಲ್ಲ. ಅವರು ಒಳ್ಳೆಯದಕ್ಕೇ, ಮುತುವರ್ಜಿಯಿಂದಲೇ, ಪುಡಿಯ ನೀರಿನಲ್ಲಿ ಗೋಣಿ ಅದ್ದಿ ತಂದಿದ್ದರು. ಅರ್ಧ ಗಂಟೆಯಿಂದ ಅದು ಹನಿಹನಿಯಾಗಿ ತೊಟ್ಟಿಗೆ ಇಳಿದಿತ್ತು.

ಶಿರೀಷಾ ಗೋಣಿಗಳನ್ನು ಕಿತ್ತು ರಸ್ತೆಗೆ ಎಸೆದಳು. ನಾಲ್ಕನೆಯದನ್ನು ಎಸೆಯುವಾಗ ಕೈ ನಿಂತಿತು.

ಗೋಣಿಯ ವಾಸನೆ ನಿಜ. ಗಾಳಿ ತಿರುಗಿದ್ದೂ ನಿಜ. ಕಂಟಕ ಹೊತ್ತುಕೊಳ್ಳುವ ಮೀನು ಹೀಗೇ ಹೊತ್ತುಕೊಳ್ಳುತ್ತದೆ ಎಂದು ಯಾರು ಕಂಡಿದ್ದಾರೆ? ಚಿಕ್ಕೋನು ಹಾರಿದ್ದಕ್ಕೂ ಒಂದು ಕಾರಣವಿತ್ತಲ್ಲ, ಅವತ್ತು ತೊಟ್ಟಿಯ ಮುಚ್ಚಳ ಸರಿದಿತ್ತು. ಸರಿದ ಮುಚ್ಚಳವಾದರೇನು, ಒದ್ದೆ ಗೋಣಿಯಾದರೇನು, ಬರುವುದು ಯಾವುದಾದರೂ ದಾರಿಯಿಂದ ಬರಬೇಕಲ್ಲ? ಈಗ ತಾನು ನೀರು ಬದಲಾಯಿಸಿ ಇದನ್ನು ಉಳಿಸಿದರೆ, ಹೊತ್ತ ಹೊರೆಯನ್ನು ಇಳಿಸಿದಂತಾಗಿ, ಅದು ಮತ್ತೆ ಮನೆಯ ಕಡೆಗೇ ಹೊರಟರೆ? ಅಲ್ಲಿ ಹರಿಕೃಷ್ಣ ಬರಿಗಾಲಲ್ಲಿದ್ದಾನೆ, ಮತ್ತೆ ಕೊಡ ಹೊರಬೇಕಾದೀತು. ಆಸ್ಪತ್ರೆಯ ಆ ಒಂಬತ್ತು ದಿನಗಳಲ್ಲಿ ಯಾರಾದರೂ ಬಂದು ಕೇಳಿದ್ದರೆ ಸಾವಿರ ಮೀನು ಕೊಟ್ಟೇನು ಎನ್ನುತ್ತಿದ್ದಳು, ಸುಳ್ಳೇಕೆ? ಆದರೆ ಅವತ್ತು ಅವಳನ್ನು ಯಾರೂ ಕೇಳಿರಲಿಲ್ಲ. ಇವತ್ತು ದೊಡ್ಡೋನು ಅವಳ ಮೊಣಕಾಲಿನ ಹತ್ತಿರವೇ ಬಾಯಿ ತೆರೆದು ಮುಚ್ಚುತ್ತಿತ್ತು, ಅವಳ ಕೈಯಲ್ಲಿ ಚೊಂಬಿತ್ತು.

"ಓಬುಳೇಶ, ನಡಿ. ಮೊದ್ಲು ಎಲ್ಲಿ ಬೋರು ಓಡ್ತಾ ಐತೋ ಅಲ್ಲಿ ನಿಲ್ಸು" ಎಂದಳು.

ಒಂದು ಟಮಾಟ ತೋಟದಲ್ಲಿ ನೀರು ಹರಿಯುತ್ತಿತ್ತು. ಆ ಕಡೆಯ ಲೈನಿನಲ್ಲಿ ಕರೆಂಟಿತ್ತು. ಸೀರೆಯನ್ನು ಎತ್ತಿ ಕಟ್ಟಿ ಕಾಲುವೆ ತಿರುಗಿಸುತ್ತಿದ್ದ ಹೆಂಗಸು, ಪೋಲಮ್ಮ ಎಂದು ಆಮೇಲೆ ಹೆಸರು ಗೊತ್ತಾಯಿತು, ಗಾಡಿ ಬದುವಿಗೆ ಬಂದು ನಿಂತದ್ದನ್ನು ನೋಡಿ ಮೊದಲು ಬೈಯಲು ಬಂದಳು. ತೊಟ್ಟಿಯೊಳಗೆ ಇಣುಕಿ, "ದೇವುಡಾ" ಎಂದಳು.

"ತಿನ್ನಾಕಾ?"

"ಅಲ್ಲಮ್ಮ. ಸಾಕಿರೋದು."

"ಇಷ್ಟು ಗಾತ್ರದ್ನ ಬರೀ ನೋಡಾಕೆ ಸಾಕ್ತಾರಾ?" ಎಂದು ಪೋಲಮ್ಮ ಓಬುಳೇಶನ ಮುಖ ನೋಡಿದಳು. ಅವನು ನನ್ನನ್ನು ಕೇಳಬೇಡ ಎನ್ನುವಂತೆ ಕೈ ಆಡಿಸಿದ. ಅವಳು ಅಷ್ಟರಲ್ಲೇ ಬಕೆಟ್ಟು ತಂದು ಪೈಪಿನ ಬಾಯಿಗೆ ಹಿಡಿದಿದ್ದಳು.

ಇದ್ದ ನೀರನ್ನು ಎಲ್ಲ ಒಮ್ಮೆಗೇ ಚೆಲ್ಲಿದರೆ ಮೀನು ತಡೆಯುವುದಿಲ್ಲವೋ, ಉಳಿಸಿಕೊಂಡರೆ ತಡೆಯುವುದಿಲ್ಲವೋ, ಕೇಳಲು ಮುರಳಿ ಸಿಗುತ್ತಿರಲಿಲ್ಲ. ದೊಡ್ಡೋನ ಬೆನ್ನು ಮುಳುಗುವಷ್ಟು ಬಿಟ್ಟು ಮಿಕ್ಕದ್ದನ್ನು ಮೊಗೆದು ಚೆಲ್ಲಿದಳು. ಮೀನು ಎತ್ತಿದ ನೂಲಿನ ಸೀರೆಯನ್ನು ಬೋರಿನ ನೀರಿನಲ್ಲಿ ಜಾಲಿಸಿ ಅದರ ಮೈಮೇಲೆ ಹಾಕಿದಳು. ಪೋಲಮ್ಮ ತುಂಬಿ ಕೊಟ್ಟ ಬಕೆಟ್ಟನ್ನು ಓಬುಳೇಶ ತಲೆಯ ಮಟ್ಟಕ್ಕೆ ಎತ್ತಿ ಹುಯ್ದ, ನೊರೆ ಎದ್ದಿತು. ಮತ್ತೆ ಮೊಗೆದು ಚೆಲ್ಲಿದರು, ಮತ್ತೆ ತುಂಬಿದರು. ಹೀಗೆ ಎಷ್ಟು ಸಲವೋ ಅವಳು ಲೆಕ್ಕ ಇಡಲಿಲ್ಲ. ಪ್ರತಿ ಬಕೆಟ್ಟು ಹುಯ್ಯುವಾಗಲೂ ಅವಳ ಕಣ್ಣು ತಾನಾಗಿ ಪಡುವಣದ ಕಡೆಗೆ, ಕಲ್ಯಾಣದುರ್ಗದ ಗುಡ್ಡದ ಕಡೆಗೆ ಹೋಗುತ್ತಿತ್ತು. ಅಲ್ಲಿ ಮಸುಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ದೊಡ್ಡೋನು ನೀರಿನ ಮೇಲಿಂದ ಬಾಯಿ ಒಳಗೆಳೆದುಕೊಂಡಿತು. ವಾಲಿದ ಮೈಯನ್ನು ಸರಿಪಡಿಸಿಕೊಳ್ಳಲು ಹೋಗಿ ಮತ್ತೆ ವಾಲಿತು, ಮತ್ತೆ ಪ್ರಯತ್ನಿಸಿತು. ಪೋಲಮ್ಮ ಎರಡು ಟಮಾಟ ಕ್ರೇಟು ತಂದು ತೊಟ್ಟಿಯ ಮೇಲೆ ಬೋರಲು ಹಾಕಿದಳು, ಓಬುಳೇಶ ಹಗ್ಗ ಬಿಗಿದ. ಈ ಕ್ರೇಟುಗಳಿಗೆ ಔಷಧಿ ಗಿವುಷಧಿ ಏನಾದರೂ ಹೊಡೆದಿದ್ದೀಯೇನಮ್ಮ ಎಂದು ಶಿರೀಷಾ ಕೇಳಿದಳು. ಕೇಳಿದ ಮೇಲೆ ನಂಬಲಾರದೆ ಅವುಗಳನ್ನೂ ಬಿಚ್ಚಿಸಿ ತೊಳೆದಳು. ಪೋಲಮ್ಮ ನಕ್ಕಳು. ಶಿರೀಷಾಗೆ ನಗು ಬರಲಿಲ್ಲ.

ಹಿಂದೂಪುರ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಸೋಮಂದೇಪಲ್ಲಿ ದಾಟುವವರೆಗೂ ಅವಳು ಚೊಂಬು ಬಿಟ್ಟಿರಲಿಲ್ಲ, ಬಲಗೈ ಮರಗಟ್ಟಿತ್ತು. ಮುರಳಿ ಅಂಗಡಿಯ ಹಿಂದಿನ ಸಿಮೆಂಟು ತೊಟ್ಟಿಗೆ ದೊಡ್ಡೋನನ್ನು ಇಳಿಸಿದ. ಗೋಣಿಯ ವಿಷಯ ಕೇಳಿ ಡ್ರಮ್ಮಿನ ನೀರನ್ನು ಒಂದು ಸಣ್ಣ ಗಾಜಿನ ನಳಿಗೆಯಲ್ಲಿ ಹಿಡಿದು ಯಾವುದೋ ಔಷಧಿಯ ನಾಲ್ಕು ಹನಿ ಬಿಟ್ಟ. ನೀರು ತೆಳ್ಳಗೆ ಹಳದಿಯಾಯಿತು.

"ಪುಡಿ ಇನ್ನೂ ಐತೆ ನೋಡಕ್ಕ, ಇಷ್ಟು ತೊಳ್ದ ಮೇಲೂ" ಎಂದ. ಕಿವಿರು ಸುಟ್ಟಿದೆ, ನಾಳೆಯವರೆಗೂ ಏನೂ ಹೇಳಲಾಗುವುದಿಲ್ಲ, ಆದರೆ ಹತ್ತು ನಿಮಿಷ ತಡವಾಗಿದ್ದರೆ ಇಷ್ಟೂ ಇರುತ್ತಿರಲಿಲ್ಲ ಎಂದ. ಹಾಗಾದರೆ ಗೋಣಿಯೇ, ಬೇರೇನೂ ಅಲ್ಲ ಎಂದು ಅವಳು ಒಳಗೇ ಹೇಳಿಕೊಂಡಳು. ಹೇಳಿಕೊಂಡದ್ದು ಮನಸ್ಸಿನಲ್ಲಿ ಕೂರುವ ಮೊದಲೇ ಹರಿಕೃಷ್ಣನ ಫೋನು ಬಂತು.

ಗಾಳಿ ಮತ್ತೆ ಮರಳಿತ್ತಂತೆ. ಎಲ್ಲ ಮುಗಿಯಿತು ಎಂದು ಜನ ಕೊಡ ಇಳಿಸಿ ಬೀಡಿ ಹಚ್ಚಿದ್ದರಂತೆ. ಎಲ್ಲಿಂದಲೋ ಹಾರಿ ಬಂದ ಕೆಂಡ ಶೆಡ್ಡಿನ ಗರಿಗೆ ಬಿದ್ದು, ನೋಡನೋಡುತ್ತ ಶೆಡ್ಡು ಪೂರಾ ಹೋಯಿತಂತೆ. ಮನೆಗೆ ಏನೂ ಆಗಿಲ್ಲ, ಯಾರಿಗೂ ಏನೂ ಆಗಿಲ್ಲ, ಅವನ ಅಂಗಾಲು ಸ್ವಲ್ಪ ಸುಟ್ಟಿದೆ, ಅಷ್ಟೆ.

"ಎಷ್ಟೊತ್ಗೆ?" ಎಂದು ಕೇಳಿದಳು ಶಿರೀಷಾ.

ಗಂಡನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಹನ್ನೊಂದಿರಬಹುದು, ಹನ್ನೊಂದೂವರೆ ಇರಬಹುದು, ಅವಾಗ ಯಾರು ಗಡಿಯಾರ ನೋಡುತ್ತಾರೆ ಎಂದ. ಟಮಾಟ ತೋಟದಲ್ಲಿ ಬಕೆಟ್ಟು ಎತ್ತುತ್ತಿದ್ದಾಗ ಹೊತ್ತು ಎಷ್ಟಾಗಿತ್ತು? ಅವಳೂ ನೋಡಿರಲಿಲ್ಲ. ಓಬುಳೇಶನನ್ನು ಕೇಳಬಹುದಿತ್ತು, ಅವನು ಆಚೆ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ. ಕೇಳಲು ಎದ್ದವಳು ಮತ್ತೆ ಕೂತಳು.

ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ನಾರಮ್ಮ.

"ಐತಾ?"

"ಐತೆ ಅತ್ತಮ್ಮ. ನಾಳೆ ತಂಕ ಏನೂ ಹೇಳಕ್ಕಾಗಲ್ಲ ಅಂದ ಮುರಳಿ."

"ಏನಾಗಿತ್ತಂತೆ?"

ಹೇಳಲು ಎರಡೇ ದಾರಿ ಇದ್ದವು. ಗೋಣಿಯಿಂದ ಎಂದರೆ, ಇಷ್ಟು ವರ್ಷ ಲಕ್ಷ ಲಕ್ಷ ಹುಳುಗಳನ್ನು ಸಾಕಿದ ಕೈಗೆ ಒಂದು ಕೊಲೆಯ ಮಸಿ. ಗೋಣಿಯಿಂದ ಅಲ್ಲ ಎಂದರೆ, ಮೀನು ಹೊತ್ತದ್ದನ್ನು ತಾನು ಇಳಿಸಿದೆ, ಶೆಡ್ಡು ತನ್ನಿಂದ ಹೋಯಿತು. ನಳಿಗೆಯಲ್ಲಿನ ಹಳದಿ ನೀರು ಅವಳ ಎದುರಿಗೇ ಕಟ್ಟೆಯ ಮೇಲಿತ್ತು, ಆದರೂ ಅವಳಿಗೆ ಯಾವುದು ನಿಜವೆಂದು ಹೇಳುವ ಧೈರ್ಯ ಬರಲಿಲ್ಲ.

"ಗೊತ್ತಿಲ್ಲ ಅತ್ತಮ್ಮ" ಎಂದಳು.

"ನಂಗೊತ್ತು" ಎಂದರು ನಾರಮ್ಮ. "ಮಗೂಗೆ ಅನ್ನ ಕಲಸಾಕೆ ಹೋದೆ. ಅಜ್ಜಿ, ನಿನ್ ಕೈ ವಾಸನೆ ಅಂದ್ಬುಟ್ಲು. ಮೂರು ಸಲ ತೊಳ್ದೆ, ಹೋಗ್ಲಿಲ್ಲ. ಆವಾಗ ಹೊಳೀತು. ಹುಳ ಬೇರೆ, ಮೀನು ಬೇರೆ, ನಂಗೆ ತಲೇಗೇ ಬರ್ಲಿಲ್ಲ ಕಣಮ್ಮ."

"ನೀರು ಬದಲಾಯ್ಸಿದ್ದು ನಾನು" ಎಂದಳು ಶಿರೀಷಾ. "ನೀವು ಕೈ ಹಾಕ್ಬೇಡ ಅಂದಿದ್ರಿ. ಹಾಕ್ದೆ. ಶೆಡ್ಡು..."

ಆ ಕಡೆ ಯಾರೋ ಊಟಕ್ಕೆ ಕೂಗುತ್ತಿದ್ದರು, ಎಲೆ ಹಾಸುವ ಸದ್ದು.

"ಶೆಡ್ಡು ಯಾಕೆ ಹೋಯ್ತೋ ನಂಗೊತ್ತಿಲ್ಲ" ಎಂದರು ನಾರಮ್ಮ. "ನಿಂಗೂ ಗೊತ್ತಿಲ್ಲ. ಯಾರ್ಗೂ ಗೊತ್ತಿಲ್ಲ ಬುಡು. ಇವತ್ತು ಬಸ್ ಹತ್ಬೇಡ, ಅಲ್ಲೇ ಇರು. ಅದು ಉಸಿರಾಡೋದು ನೆಟ್ಟಗಾಗೋ ತಂಕ ನೋಡ್ಕೊಂಡು ಬಾ. ಮಗು ನನ್ ತಾವ ಐತೆ."

ಶಿರೀಷಾ ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಸಿಮೆಂಟು ತೊಟ್ಟಿಯ ಪಕ್ಕ ಕೂತಳು. ಮುರಳಿ ಊಟಕ್ಕೆ ಕರೆದ, ನೀನು ಹೋಗಿ ಉಣ್ಣು ಎಂದಳು. ನೀರು ಕತ್ತಲಾಗಿತ್ತು. ಗಾಜಿನ ಗೋಡೆಯಿಲ್ಲದ ಕಾರಣ ದೊಡ್ಡೋನನ್ನು ಮೇಲಿನಿಂದ ಮಾತ್ರ ನೋಡಬಹುದಿತ್ತು, ಹಾಗೆ ಅವಳು ಯಾವತ್ತೂ ನೋಡಿರಲಿಲ್ಲ. ಮೇಲಿನಿಂದ ಅದು ಬೆನ್ನೆಲುಬಿನಂಥ ಒಂದು ಗೆರೆ, ಅಷ್ಟೆ. ಗೆರೆಯ ಎರಡೂ ಬದಿಗೆ ಕಿವಿರು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮೊದಲಿಗಿಂತ ನಿಧಾನವಾಗಿದೆ ಎನಿಸಿತು. ಸುಧಾರಿಸಿಕೊಂಡು ನಿಧಾನವೋ, ಸೋತು ನಿಧಾನವೋ, ಅದನ್ನು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ನೋಡಬೇಕಿತ್ತು. ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.